ಪೆಡಲ್ ಮೇಲಿನ ಕಾಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಬೇರೆ ಯಾರೋ ಉಪ್ಪುಖಾರ ಹಚ್ಚಿ ನಿಮಗೆ ಹೇಳುವುದು ಬೇಡ. ಟಿಕೋಟಾದ ಒಂದು ಮದುವೆಯಲ್ಲಿ ಒಬ್ಬ ಹುಡುಗಿ ಜನ್ಮದಲ್ಲಿ ಮೊದಲ ಸಲ ಮೈಕಿನ ಮುಂದೆ ನಿಂತು ಹಾಡಿದಳು, ಮತ್ತು ಆ ಹಾಡು ಒಬ್ಬರಿಗೂ ಕೇಳಿಸಲಿಲ್ಲ. ಮೈಕು ಸರಿ ಇತ್ತು. ಹುಡುಗಿಯ ಗಂಟಲೂ ಸರಿ ಇತ್ತು. ಸರಿ ಇಲ್ಲದ್ದು ನನ್ನ ಬಲಗಾಲು. ಆರ್ಗನ್ನಿನ ಸದ್ದನ್ನು ಏರಿಸಿ ಇಳಿಸುವ ಪೆಡಲ್ ಮೇಲೆ ಅದು ಕೂತಿತ್ತು, ಹಾಡು ಮುಗಿಯುವ ತನಕ ಏರಿಸುವ ಕಡೆಗೇ ವಾಲಿತ್ತು. ಕಾಲಿಗೆ ಬುದ್ಧಿ ಇರುವುದಿಲ್ಲ, ಒಪ್ಪೋಣ. ಕಾಲಿನ ಮಾಲಕನಿಗೆ ಇರಬೇಕಾಗಿತ್ತು. ಆ ದಿವಸ ಅವನೂ ಬುದ್ಧಿಯನ್ನು ವಿಜಾಪುರದ ಜೋರಾಪುರ ಪೇಟೆಯ ಮನೆಯಲ್ಲೇ ಬಿಟ್ಟು ಬಸ್ ಹತ್ತಿದ್ದ.

ಎಪ್ಪತ್ತರ ದಶಕ ಅರ್ಧ ದಾಟಿದ ಕಾಲ. ನಮ್ಮ ಓಣಿಯ ಉಸ್ತಾದರದೊಂದು ವಾದ್ಯವೃಂದ ಇತ್ತು. ನಾವೆಲ್ಲ ಅದಕ್ಕೆ ಪಾರ್ಟಿ ಅನ್ನುತ್ತಿದ್ದೆವು. ಮದುವೆ, ಗಣಪತಿ, ಉರುಸು, ಸಾಲೆಯ ವರ್ಷದ ಗ್ಯಾದರಿಂಗ್, ಯಾರು ಕರೆದರೂ ಹೋಗುವುದು. ಅದರಲ್ಲಿ ನಾನು ನಕಲಿ ಮಾಡುವವನು. ಬಸ್ಸಿನ ಕಂಡಕ್ಟರು, ಕೋರ್ಟಿನ ಬೆಲಿಫ್, ಎಮ್ಮೆ, ಎಮ್ಮೆಯ ವ್ಯಾಪಾರ ಕುದುರಿಸುವ ದಲ್ಲಾಳಿ, ನನ್ನ ಸ್ವಂತ ಸೋದರಮಾವ, ಎಲ್ಲರೂ ನನ್ನ ಬಾಯಲ್ಲಿ ಬಾಡಿಗೆಗೆ ಇದ್ದರು. ಇದಕ್ಕಿಂತ ದೊಡ್ಡ ಹೆಸರು ನನಗೆ ಬಂದದ್ದು ಹೆಣ್ಣುದನಿಯಿಂದ. ಪಾರ್ಟಿಯಲ್ಲಿ ಹಾಡುವ ಹೆಣ್ಣುಮಕ್ಕಳು ಇರಲಿಲ್ಲ, ಯಾರೂ ಕಳಿಸುತ್ತಿರಲಿಲ್ಲ. ಹಾಗಾಗಿ ಯುಗಳಗೀತೆ ಬಂದರೆ ಎರಡೂ ನಾನೇ. ಮೈಕಿಗೆ ಬಲಗಡೆಯಿಂದ ಬಾಯಿ ಕೊಟ್ಟರೆ ಗಂಡ, ಎಡಗಡೆಯಿಂದ ಕೊಟ್ಟರೆ ಹೆಂಡತಿ. ಕನಮಡಿಯಲ್ಲಿ ಒಬ್ಬ ಅಜ್ಜಿ ಹಾಡು ಮುಗಿದ ಮೇಲೆ ಪರದೆಯ ಹಿಂದೆ ಬಂದು, "ಆ ಹುಡುಗಿ ಎಲ್ಲಿ ಹೋದಳ್ರಿ? ಅಕಿಗೊಂದು ಕುಬಸದ ಅರಬಿ ಕೊಡಬೇಕಂತ ತಂದೇನಿ," ಎಂದು ಹುಡುಕಾಡಿದಳು. ಅರಬಿ ನಾನೇ ಇಸಿದುಕೊಂಡೆ. ನಮ್ಮವ್ವ ಅದರ ಕುಬಸ ಹೊಲಿಸಿಕೊಂಡು ಎರಡು ದೀಪಾವಳಿ ಹಾಕಿಕೊಂಡಳು.

ಇಷ್ಟು ದಿಮಾಕಿನಲ್ಲಿದ್ದ ನನ್ನ ಕೈಗೆ ಉಸ್ತಾದರು ಆರ್ಗನ್ ಕೊಟ್ಟರು. ಸೊಲ್ಲಾಪುರದಲ್ಲಿ ಒಡೆದುಹೋದ ಒಂದು ಪಾರ್ಟಿಯಿಂದ ಅದು ಬಂದಿತ್ತು. ಬಸ್ಸಿನ ಟಪ್ಪಿನ ಮೇಲೆ, ಕೌದಿಯಲ್ಲಿ ಸುತ್ತಿಕೊಂಡು, ಹೊಸ ಸೊಸೆಯ ಹಾಗೆ ಬಂತು. ಬಿಚ್ಚಿ ನಾಲ್ಕು ಕಾಲು ಜೋಡಿಸಿ ನಿಲ್ಲಿಸಿದಾಗ ಉಸ್ತಾದರು ಅದನ್ನು ಮೂರು ಕಡೆಯಿಂದ ನೋಡಿ, "ಯಾ ಅಲ್ಲಾ, ಇದು ಉಲ್ಟಾ ಹುಟ್ಟೈತಿ," ಎಂದರು. ಉಲ್ಟಾ ಹೇಗೆಂದರೆ, ನಮ್ಮ ಪೇಟಿಯಲ್ಲಿ, ಅಂದರೆ ಹಾರ್ಮೋನಿಯಂನಲ್ಲಿ, ಅಗಲವಾದ ಪಟ್ಟಿಗಳು ಬಿಳಿ, ನಡುನಡುವಿನ ಗಿಡ್ಡ ಪಟ್ಟಿಗಳು ಕರಿ. ಇದರಲ್ಲಿ ಅಗಲವಾದವು ಕರಿ, ಗಿಡ್ಡವು ಬಿಳಿ. ಇಡೀ ಸೀಮೆಯ ಹಾಡುಗಾರರು ತಮ್ಮ ಶ್ರುತಿಯನ್ನು ಕರಿ ಎರಡು, ಬಿಳಿ ನಾಲ್ಕು ಎಂದು ಬಣ್ಣದ ಲೆಕ್ಕದಲ್ಲೇ ಹೇಳುವುದು. ಮೊದಲ ದಿವಸ ಉಸ್ತಾದರು "ಕರಿ ಎರಡು ಹಿಡಿ" ಅಂದರು, ನಾನು ಹಿಡಿದೆ, ಅವರು ಆಲಾಪ ಶುರು ಮಾಡಿ ಕಹಿ ಔಷಧ ಕುಡಿದವರ ಮುಖ ಮಾಡಿಕೊಂಡು ನಿಂತರು. ಅವತ್ತಿನಿಂದ ನಮ್ಮ ಪಾರ್ಟಿಯಲ್ಲಿ ಬಣ್ಣದ ಮಾತು ಬಂದ್ ಆಯಿತು. ಗಿಡ್ಡ ಎರಡು, ಅಗಲ ನಾಲ್ಕು ಎಂದು ಹೇಳುವುದು ಶುರುವಾಯಿತು.

ಎರಡನೆಯ ತೊಂದರೆ ನನ್ನ ಎಡಗೈಯದು. ಪೇಟಿಯಲ್ಲಿ ಬಲಗೈ ಬಾರಿಸುತ್ತದೆ, ಎಡಗೈ ಹಿಂದಿನ ತಿದಿ ಒತ್ತಿ ಗಾಳಿ ಹಾಕುತ್ತದೆ. ಆರ್ಗನ್ನಿಗೆ ಕರೆಂಟೇ ಉಸಿರು. ಈ ಸುದ್ದಿಯನ್ನು ನನ್ನ ಎಡಗೈಗೆ ಯಾರೂ ಮುಟ್ಟಿಸಿರಲಿಲ್ಲ. ಅದು ತಾನೇ ಹಿಂದಕ್ಕೆ ಹೋಗಿ ಇಲ್ಲದ ತಿದಿಯನ್ನು ಒತ್ತುತ್ತಿತ್ತು.

"ಏನಲೇ ಮಂಗ್ಯಾ, ಸೊಳ್ಳಿ ಓಡಸಾಕತ್ತೀಯೇನು?" ಎಂದರು ಉಸ್ತಾದರು.

"ಕೈಗೆ ಕೆಲಸಿಲ್ಲರಿ ಉಸ್ತಾದ್."

"ಕೆಲಸ ಇಲ್ಲೈತಿ ನೋಡು," ಎಂದು ಅವರು ಮುಂದಿನ ಗುಂಡಿಗಳನ್ನು ತೋರಿಸಿದರು.

ಮೇಲೆ ಒಂದು ಸಾಲು ಒತ್ತುವ ಪಟ್ಟಿಗಳು, ಪಕ್ಕಕ್ಕೆ ಎರಡು ತಿರುಗಿಸುವ ಗುಂಡಿ. ಒಂದೊಂದು ಪಟ್ಟಿ ಒತ್ತಿದರೆ ಒಂದೊಂದು ನಮೂನೆಯ ದನಿ. ಯಾವುದು ಏನು ಎಂದು ಬರೆದದ್ದೆಲ್ಲ ಸೊಲ್ಲಾಪುರದವರ ಬೆರಳಿಗೆ ಅಳಿಸಿಹೋಗಿತ್ತು. ಬೇರೆ ಯಾರಾದರೂ ಆಗಿದ್ದರೆ ಒಂದು, ಎರಡು ಎಂದು ಬರೆಯುತ್ತಿದ್ದರು. ನಾನು ಗಾಯಕ್ಕೆ ಹಚ್ಚುವ ಅಂಟುಪಟ್ಟಿ ತಂದು ಕತ್ತರಿಸಿ, ಒಂದೊಂದರ ಮೇಲೆ ಒಬ್ಬೊಬ್ಬರನ್ನು ಬರೆದು ಅಂಟಿಸಿದೆ. ಮೂಗಿನಲ್ಲಿ ಹಾಡುವ ಪಟ್ಟಿ ನನ್ನ ಸೋದರಮಾವ. ಕಿವಿಗೆ ಸೂಜಿ ಚುಚ್ಚಿದಂತೆ ಮೇಲಿಂದ ಬರುವುದು ಅತ್ತಿ. ಹೊಟ್ಟೆಯೊಳಗಿಂದ ಗುರುಗುಟ್ಟುವುದು ಹೆಡ್ ಮಾಸ್ತರು. ದನಿಯನ್ನು ಗಡಗಡ ನಡುಗಿಸುವ ಗುಂಡಿಗೆ ಜ್ವರ ಎಂದು ಹೆಸರಾಯಿತು. ಕೊನೆಯದೊಂದು ಪಟ್ಟಿ ಒತ್ತಿದರೆ ಸ್ವರವೇ ಬರುತ್ತಿರಲಿಲ್ಲ, ಬರೇ ಚರಚರ ಸದ್ದು. ಅದರ ಮೇಲೆ ನಾನು ಎಂದು ಬರೆದೆ. ಹದಿನೈದು ದಿವಸದಲ್ಲಿ ನನಗೆ ನೋಡದೆಯೇ ಎಲ್ಲ ಬರುತ್ತಿತ್ತು. ಬಲಗೈ ಬಾರಿಸುತ್ತಿರುವಾಗಲೇ ಎಡಗೈ ಮಾವನನ್ನು ಎಬ್ಬಿಸಿ ಅತ್ತಿಯನ್ನು ಕೂರಿಸುತ್ತಿತ್ತು. ಉಸ್ತಾದರು ಆಚೆಯಿಂದ "ಜ್ವರ ಕಮ್ಮಿ ಮಾಡಲೇ!" ಎಂದು ಕೂಗುವುದು, ಓಣಿಯ ಜನ ನಮ್ಮ ಮನೆಯಲ್ಲಿ ಯಾರಿಗೋ ಆರಾಮಿಲ್ಲ ಎಂದು ತಿಳಿಯುವುದು. ಆರ್ಗನ್ ಬಾರಿಸುವವರು ವಿಜಾಪುರದಲ್ಲಿ ಬೇರೆ ಇದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೂ ನನ್ನಷ್ಟು ಚಲೋ ಇರಲಿಕ್ಕಿಲ್ಲ.

ಇಷ್ಟರಲ್ಲಿ ಆ ಹುಡುಗಿ ಬಂದಳು.

ನಮ್ಮ ಪಾರ್ಟಿಯ ಕೋಟು ಹೊಲಿಯುವ ದರ್ಜಿ ಕಾಕಾ ಬಬಲೇಶ್ವರದವರು. ಉಸ್ತಾದರು ಅಳತೆ ಕೊಡಲು ಹೋದಾಗ ಒಳಗಿನ ಕೋಣೆಯಲ್ಲಿ ಹೊಲಿಗೆ ಮಷಿನ್ ನಡೆಯುವ ಸದ್ದು, ಅದರ ಮೇಲೊಂದು ಹಾಡು ಕೇಳಿತಂತೆ. ಉಸ್ತಾದರು ಕೋಟಿನ ಮಾತು ಬಿಟ್ಟು, "ಯಾರ್ರಿ ಅದು?" ಎಂದರು. ಕಾಕಾನ ಮಗಳು. ವಿಜಾಪುರದಲ್ಲಿ ಟೀಚರ್ ಟ್ರೇನಿಂಗ್ ಓದುತ್ತಿದ್ದಳು, ರಜೆ ಇದ್ದಾಗ ಅಪ್ಪನ ಜೊತೆ ಮಷಿನ್ ತುಳಿಯುತ್ತಿದ್ದಳು. ಉಸ್ತಾದರು ಮೂರು ಸಲ ಹೋಗಿ ಬೇಡಿಕೊಂಡ ಮೇಲೆ ಕಾಕಾ, "ಒಂದು ಸಲ ಹಾಡ್ಲಿ, ನೋಡೂನು," ಎಂದು ಒಪ್ಪಿದರು.

ಆಕೆ ಬಂದದ್ದರಿಂದ ನನಗೇನು ಆಗಬೇಕು? ಏನೂ ಆಗಲಿಲ್ಲ ಎಂದೇ ಎಲ್ಲರಿಗೂ ಹೇಳುತ್ತಿದ್ದೆ. ಆದರೆ ನನ್ನ ಎಡಗಡೆಯ ಬಾಯಿಯ ಕೆಲಸ ಹೋಯಿತು. ಹೆಂಡತಿ ತವರಿಗೆ ಹೋದ ಗಂಡನ ಹಾಗೆ ಅರ್ಧ ಹಾಡು ಹಾಡಿ ಸುಮ್ಮನೆ ಕೂರಬೇಕು. ತಾಲೀಮಿನಲ್ಲಿ ಒಮ್ಮೆ ಆಕೆಯ ಸಾಲು ಬಂದಾಗ ಹಳೇ ರೂಢಿಯಲ್ಲಿ ನಾನೇ ಹಾಡಿಬಿಟ್ಟೆ. ಆಕೆ ತಿರುಗಿ, "ಅಣ್ಣಾ, ನಾ ಬಂದೇನಿ, ನೀ ಇನ್ನ ಸೀರಿ ಬಿಚ್ಚು," ಎಂದಳು. ತಬಲಾದವನು ಡಗ್ಗದ ಮೇಲೆ ತಲೆ ಇಟ್ಟು ನಕ್ಕ.

ಟಿಕೋಟಾದಲ್ಲಿ ಆದದ್ದು ಹೀಗೆ. ಮಧ್ಯಾಹ್ನ ಅಕ್ಷತೆ ಬಿದ್ದು ಊಟದ ಪಂಕ್ತಿ ಕೂತಿತ್ತು. ಒಂದು ಕಡೆ ಬಡಿಸುವವರು "ಸಾರು, ಸಾರು" ಎಂದು ಓಡಾಡುತ್ತಿದ್ದರು, ಇನ್ನೊಂದು ಕಡೆ ನಮ್ಮ ಹಾಡು. ಆಕೆ ಮೊದಲ ಸಾಲನ್ನು ತೀರ ಕೆಳಗಿನ ಸ್ವರದಲ್ಲಿ ಎತ್ತಿಕೊಂಡಳು. ಜನ ತಿರುಗಿ ನೋಡಲಿಲ್ಲ. ಸದ್ದು ಸಾಲದು ಎಂದು ನನ್ನ ಕಾಲು ತೀರ್ಮಾನ ಮಾಡಿತು. ಪೆಡಲ್ ಒತ್ತಿದೆ. ನಾಲ್ಕು ಜನ ತಿರುಗಿದರು. ಇನ್ನಷ್ಟು ಒತ್ತಿದೆ. ಮಾವ, ಅತ್ತಿ, ಹೆಡ್ ಮಾಸ್ತರು ಎಲ್ಲರನ್ನೂ ಒಟ್ಟಿಗೆ ಎಬ್ಬಿಸಿ ಜ್ವರ ಏರಿಸಿದೆ. ಪಂಕ್ತಿಯಲ್ಲಿದ್ದ ಹುಡುಗರು ಬುಂದೆ ಬಿಟ್ಟು ಎದ್ದುಬಂದು ಆರ್ಗನ್ ಮುಂದೆ ನಿಂತರು. ಇಂಥ ಮೆರೆತ ನಾನು ಕಂಡಿರಲಿಲ್ಲ. ಹುಡುಗಿಯ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಅಷ್ಟೇ ನನಗೆ ನೆನಪು.

ಹಾಡು ಮುಗಿದ ಮೇಲೆ ಕಾಕಾ ವೇದಿಕೆಯ ಹತ್ತಿರ ಬಂದರು. ಸಿಟ್ಟಾಗಿರಲಿಲ್ಲ. ಆಗಿದ್ದರೆ ಚಲೋ ಇತ್ತು, ಸಿಟ್ಟಿನವರ ನಕಲಿ ನನಗೆ ಬರುತ್ತದೆ.

"ಉಸ್ತಾದ್ರ, ನನ್ನ ಮಗಳು ಬಾಯಿ ತಗದದ್ದು ಕಂಡ್ನಿ. ದನಿ ಕೇಳ್ಲಿಲ್ಲ," ಎಂದರು. "ಮುಂದ ಬಬಲೇಶ್ವರದಾಗ ಸಾಲಿ ಗ್ಯಾದರಿಂಗ್ ಐತಲ್ಲ, ನಮ್ಮೂರಾಗ. ಅಲ್ಲಿ ಕಡೀ ಸಾಲಿನಾಗ ಕುಂಡ್ರತೀನಿ. ಅಲ್ಲೂ ಕೇಳ್ಲಿಲ್ಲಂದ್ರ ಇನ್ನ ಕಳಸಂಗಿಲ್ಲ. ಹಾಡಾಕ ಅಂದ್ರ ಕಳಸ್ತೀನಿ. ಮಂದಿ ಮುಂದ ಸುಮ್ಮನ ಬಾಯಿ ತಗದು ನಿಂದ್ರಾಕ ಯಾಕ ಕಳಸ್ಲಿ?"

ಮಾತು ಅಷ್ಟೇ. ಮಗಳು ತಲೆ ಬಗ್ಗಿಸಿ ಮೈಕಿನ ವೈರು ಸುತ್ತುತ್ತಿದ್ದಳು. ಬಸ್ಸಿನಲ್ಲಿ ಬರುವಾಗ ನಾನು ಆರ್ಗನ್ ಸದ್ದಿನ ಸಮರ್ಥನೆಗೆ ಏನೇನೋ ಹೇಳಿದೆ. ಕರೆಂಟ್ ಏರಿಳಿತ, ಪಂಕ್ತಿಯ ಗದ್ದಲ, ಗಾಳಿಯ ದಿಕ್ಕು. ಉಸ್ತಾದರು ಕೇಳಿ ಕೇಳಿ, "ಗಾಳಿ ನಿನ್ನ ತಲಿಯಾಗ ಹೊಕ್ಕೈತಿ," ಎಂದು ಕಿಟಕಿ ಕಡೆಗೆ ಮುಖ ಮಾಡಿದರು.

ಮರುದಿನದ ತಾಲೀಮಿಗೆ ಆಕೆ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲೇ ಬಂದು ಆರ್ಗನ್ನಿನ ಕೆಳಗೆ ಬಗ್ಗಿ ಪೆಡಲ್ ನೋಡುತ್ತ ಕೂತಿದ್ದಳು. ಒಂದು ಕೈಯಿಂದ ಸದ್ದು ಏರಿಸುವ ಮುಂಭಾಗ ಒತ್ತಿ, ಇಳಿಸುವ ಹಿಂಭಾಗ ಒತ್ತಿ, ಹೇಗೆ ಆಡುತ್ತದೆ ಎಂದು ಪರೀಕ್ಷೆ ಮಾಡುತ್ತಿದ್ದಳು.

"ಉಸ್ತಾದ್ರ, ಇದನ್ನ ನನ್ನ ಕಾಲಾಗ ಕೊಡ್ರಿ."

ಉಸ್ತಾದರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಬೇಟಿ, ಹಾಡವರು ಬಾಯಿಲೆ ಹಾಡ್ತಾರ, ಕಾಲಿಲೆ ಅಲ್ಲ."

"ಅದ ಖರೆ. ಆದ್ರ ನನ್ನ ದನಿ ಏರೂದು ಇಳಿಯೂದು ನನಗ ಮೊದಲ ಗೊತ್ತಾಗತೈತಿ, ಇವಗ ಆಮ್ಯಾಲೆ ಗೊತ್ತಾಗತೈತಿ. ಮಷಿನ್ ಮ್ಯಾಲ ಕೊರಳಪಟ್ಟಿ ತಿರುವೂ ಮುಂದ ಕಾಲು ಹಗುರ ಮಾಡ್ತೀವಲ್ರಿ, ಹಂಗ. ಕೈ ಹೇಳೂ ತನಕ ಕಾಲು ಕಾಯೂದಿಲ್ಲ."

ನಾನು ನಡುವೆ ಬಾಯಿ ಹಾಕಿದೆ. "ಇದು ಹೊಲಿಗಿ ಮಷಿನ್ ಅಲ್ಲ ತಂಗಿ. ಇದಕ್ಕ ವಿದ್ಯಾ ಬೇಕು."

"ಹಂಗಾರ ನಿನಗೂ ಬರೂದಿಲ್ಲ ಬಿಡು," ಎಂದಳು, ಪೆಡಲ್ ಕಡೆಗೇ ನೋಡುತ್ತ.

ಉಸ್ತಾದರು ಸ್ವಲ್ಪ ಹೊತ್ತು ನನ್ನನ್ನು ನೋಡಿದರು, ಸ್ವಲ್ಪ ಹೊತ್ತು ಪೆಡಲನ್ನು ನೋಡಿದರು. ಇಬ್ಬರಲ್ಲಿ ಪೆಡಲ್ ಹೆಚ್ಚು ಶಾಣ್ಯಾ ಎಂದು ಅನ್ನಿಸಿತೋ ಏನೋ. ಸಂಜೆಯೊಳಗೆ ರೇಡಿಯೊ ರಿಪೇರಿ ಅಂಗಡಿಗೆ ಹೋಗಿ ಅದರ ವೈರನ್ನು ಮೈಕಿನ ತನಕ ಮುಟ್ಟುವಷ್ಟು ಉದ್ದ ಮಾಡಿಸಿಕೊಂಡು ಬಂದರು.

ಮೊದಲ ದಿವಸ ನನಗೆ ಹಬ್ಬ. ಆಕೆಯ ಪಾದಕ್ಕೆ ಹೊಲಿಗೆ ಮಷಿನ್ನಿನ ಅಭ್ಯಾಸ, ಒಂದೇ ಸಮ ಮುಂದೆ ಹಿಂದೆ ತುಳಿಯುವುದು. ಆರ್ಗನ್ನಿನ ದನಿ ಉಬ್ಬಿತು, ತಗ್ಗಿತು, ಉಬ್ಬಿತು, ತಗ್ಗಿತು, ತಗ್ಗು ದಿಣ್ಣೆಯ ದಾರಿಯಲ್ಲಿ ಜೀಪು ಹೋದ ಹಾಗೆ. ನಾನು ತಕ್ಷಣ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ತಲೆ ಬಡಿಸಿಕೊಳ್ಳುವ ಪ್ರಯಾಣಿಕನಾದೆ. ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ನಕ್ಕು ಮತ್ತೆ ಅದೇ ಸಾಲು ಎತ್ತಿಕೊಂಡಳು. ವಾರ ಕಳೆಯುವುದರೊಳಗೆ ಪಾದ ಅಲುಗಾಡುವುದೇ ಕಾಣದಷ್ಟು ಹಿಡಿತ ಬಂತು. ಆಮೇಲೆ ನಾನು ಏನು ಬಾರಿಸಿದರೂ ಆಕೆ ಕೊಟ್ಟಷ್ಟೇ ಸದ್ದು. ನನ್ನ ಪರಿಸ್ಥಿತಿ ಹೆಂಡತಿಯ ಕೈಯಲ್ಲಿ ಪಗಾರ ಕೊಟ್ಟು ಬಸ್ ಚಾರ್ಜಿಗೆ ಬೇಡುವ ಗುಮಾಸ್ತನದಾಯಿತು.

ಬಬಲೇಶ್ವರದ ಗ್ಯಾದರಿಂಗ್ ಇಳಿಹೊತ್ತಿಗೆ. ಸಾಲೆಯ ಬಯಲಿನಲ್ಲಿ ಜಮಖಾನೆ ಹಾಸಿ ಮಕ್ಕಳನ್ನು ಕೂರಿಸಿದ್ದರು, ಹಿಂದೆ ಬೆಂಚುಗಳ ಮೇಲೆ ಊರವರು. ಕಡೇ ಬೆಂಚಿನ ತುದಿಗೆ ದರ್ಜಿ ಕಾಕಾ, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ಅಂಗಡಿಯಿಂದ ನೇರ ಬಂದಿದ್ದರು. ಆಕೆ ಅಪ್ಪನನ್ನು ಒಮ್ಮೆ ನೋಡಿದಳು. ಸೀರೆಯ ನೆರಿಗೆ ಸ್ವಲ್ಪ ಎತ್ತಿ, ಬರಿಗಾಲನ್ನು ಪೆಡಲ್ ಮೇಲೆ ಇಟ್ಟಳು.

ಕೆಳಗಿನ ಸ್ವರದಲ್ಲಿ ಮೊದಲ ಸಾಲು ಶುರುವಾಯಿತು. ನನ್ನ ಆರ್ಗನ್ ಪಿಸುಗುಟ್ಟುತ್ತಿತ್ತು. ಸಹಿಸಲಿಕ್ಕೆ ಆಗಲಿಲ್ಲ. ಎಡಗೈಯಿಂದ ಮೆಲ್ಲಗೆ ಅತ್ತಿಯನ್ನು ಎಬ್ಬಿಸಿದೆ. ಆ ಸೂಜಿ ದನಿ ಎಷ್ಟೇ ಕಮ್ಮಿ ಇದ್ದರೂ ತೂರಿಕೊಂಡು ಹೋಗುತ್ತದೆ. ಆಕೆಯ ಹಿಮ್ಮಡಿ ಒಂದು ಎಳೆ ಕೆಳಗೆ ಹೋಯಿತು. ಅತ್ತಿ ಬಾಯಿ ಮುಚ್ಚಿದಳು. ಹೆಡ್ ಮಾಸ್ತರನ್ನು ಕರೆದೆ. ಹಿಮ್ಮಡಿ ಇನ್ನೊಂದು ಎಳೆ. ಜ್ವರ ತಿರುಗಿಸಿದೆ. ಈಗ ಆರ್ಗನ್ ನನಗೇ ಕೇಳದಂತಾಯಿತು. ಆಕೆ ಹಾಡು ನಿಲ್ಲಿಸಲಿಲ್ಲ, ತಿರುಗಿ ನೋಡಲೂ ಇಲ್ಲ.

ಸರಿ, ಕೇಳುವುದೇ ಇಲ್ಲ ಅಂದ ಮೇಲೆ ಬಾರಿಸಿ ಏನು ಮಾಡುವುದು? ನಾನು ನಕಲಿ ಶುರು ಮಾಡಿದೆ. ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, ದೊಡ್ಡ ಪಂಡಿತನ ಹಾಗೆ ಬೆರಳುಗಳನ್ನು ಸಿಕ್ಕ ಸಿಕ್ಕ ಪಟ್ಟಿಗಳ ಮೇಲೆ ಓಡಿಸಿದೆ. ಮುಂದಿನ ಸಾಲಿನ ಮಕ್ಕಳು ಬಾಯಿಗೆ ಕೈ ಹಿಡಿದು ಕಿಸಿಕಿಸಿ ಅನ್ನತೊಡಗಿದರು. ನಾನು ಇನ್ನಷ್ಟು ಹುಮ್ಮಸ್ಸಿನಿಂದ ಮೊಣಕೈಯಿಂದಲೂ ಬಾರಿಸಿದೆ. ಮಾವ, ಅತ್ತಿ, ಹೆಡ್ ಮಾಸ್ತರು ಎಲ್ಲರೂ ಎದ್ದೇ ನಿಂತಿದ್ದರು, ಜ್ವರ ಪೂರ್ತಿ ಏರಿತ್ತು.

ಅಷ್ಟರಲ್ಲಿ ಆಕೆಯ ಚರಣ ಮುಗಿಯಿತು. ಮುಂದೆ ವಾದ್ಯದ ಪಾಳಿ. ತಾಲೀಮಿನಲ್ಲಿ ಮಾಡಿದಂತೆಯೇ ಆಕೆ, ನನ್ನ ಪಾಳಿ ನನಗೆ ಬಿಟ್ಟುಕೊಟ್ಟು, ಪೆಡಲನ್ನು ಪೂರ್ತಿ ಮುಂದಕ್ಕೆ ಒತ್ತಿದಳು.

ಸಂತೆಯಲ್ಲಿ ಪಾತ್ರೆ ಗಾಡಿ ಮಗುಚಿದರೆ ಆಗುವ ಸದ್ದು ನೀವು ಕೇಳಿದ್ದೀರೋ ಇಲ್ಲವೋ. ಅದು ಸಾಲೆಯ ಗೋಡೆಗೆ ಬಡಿದು ಇನ್ನೊಮ್ಮೆ ಬಂತು. ಕಿಟಕಿಯ ಪಾರಿವಾಳಗಳು ಎದ್ದವು. ಆಮೇಲೆ ಇಡೀ ಬಯಲು ನಕ್ಕಿತು, ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು, ಬೆಂಚಿನವರು ಎದ್ದು ನಿಂತು ನಕ್ಕರು. ನಗಿಸುವುದು ನನ್ನ ಕಸುಬು, ಆದರೆ ಆ ನಗೆಯಲ್ಲಿ ನನಗೆ ಬೆವರು ಬಂತು. ಯಾಕೆಂದರೆ ಮೈಕಿನ ಮುಂದೆ ನಿಂತವಳು ಆಕೆ. ಮುಂದಿನ ಸಾಲು ಎತ್ತಬೇಕಾದವಳೂ ಆಕೆ. ಕಡೇ ಬೆಂಚಿನಲ್ಲಿ ಕಾಕಾ ಒಬ್ಬರೇ ನಗದೆ ಕೂತಿದ್ದರು.

ಆಕೆ ಹಿಮ್ಮಡಿಯನ್ನು ಕೆಳಗೆ ಒತ್ತಿದಳು. ಆರ್ಗನ್ ಸತ್ತಿತು. ತಬಲಾದವನಿಗೆ ಕೈಯಿಂದ ನಿಲ್ಲು ಎಂದಳು. ನಗೆ ತಾನಾಗಿ ತಗ್ಗುವ ತನಕ, ಅವಸರ ಇಲ್ಲದವರ ಹಾಗೆ, ಸೆರಗು ಸರಿ ಮಾಡಿಕೊಳ್ಳುತ್ತ ನಿಂತಳು. ಮುಂದಿನ ಮಕ್ಕಳು ಇದೇನು ಎಂದು ಬಾಯಿ ಮುಚ್ಚಿ ನೋಡತೊಡಗಿದರು. ಆಗ ಆಕೆ ಯಾವ ವಾದ್ಯವೂ ಇಲ್ಲದೆ ಎರಡನೆಯ ಚರಣ ಎತ್ತಿಕೊಂಡಳು. ಮೇಲಿನ ಸ್ವರ. ಇಷ್ಟು ದಿವಸ ಹೊಲಿಗೆ ಮಷಿನ್ನನ್ನು ದಾಟಿ ಬರಲು ಕಲಿತ ದನಿ ಬಯಲು ದಾಟಿ ರಸ್ತೆಯ ತನಕ ಹೋಯಿತು. ಸಂತೆಯಿಂದ ಬರುತ್ತಿದ್ದ ಒಬ್ಬ ಸೈಕಲ್ ಇಳಿದು ಗೇಟಿನ ಹತ್ತಿರ ನಿಂತ. ಒಂದು ಸಾಲು ಒಬ್ಬಳೇ ಹಾಡಿ, ಎರಡನೆಯ ಸಾಲಿಗೆ ಪೆಡಲನ್ನು ಸ್ವಲ್ಪವೇ ಬಿಟ್ಟಳು. ನಾನು ಅತ್ತಿಯನ್ನು, ಹೆಡ್ ಮಾಸ್ತರನ್ನು ಕೂರಿಸಿ, ಜ್ವರ ಇಳಿಸಿ, ಮಾವನೊಬ್ಬನನ್ನೇ ಇಟ್ಟುಕೊಂಡು ಆಕೆಯ ಹಿಂದೆ ಹಿಂದೆ ನಡೆದೆ. ನಿಜ ಹೇಳಬೇಕೆಂದರೆ ಅಷ್ಟು ಚಲೋ ನಾನು ಅದುವರೆಗೆ ಬಾರಿಸಿರಲಿಲ್ಲ. ಕೇಳಿದವರು ಕಮ್ಮಿ, ಅದು ಬೇರೆ ಮಾತು.

ಚಪ್ಪಾಳೆ ನಿಂತ ಮೇಲೆ ಕಾಕಾ ಬೆಂಚಿನಿಂದ ಎದ್ದು ಬಂದರು. ಟೇಪನ್ನು ಕೊರಳಿನಿಂದ ತೆಗೆದು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಮಗಳು ಮೈಕಿನ ಕಂಬ ಹಿಡಿದು ನಿಂತಿದ್ದಳು, ಕಾಲು ಇನ್ನೂ ಪೆಡಲ್ ಮೇಲೇ ಇತ್ತು.

"ಒಂದೊಂದು ಅಕ್ಷರ ಕೇಳಿಸ್ತು," ಎಂದರು ಕಾಕಾ. ಉಸ್ತಾದರ ಕಡೆ ತಿರುಗಿ, "ಮುಂದಿಂದು ಎಲ್ಲೈತ್ರಿ?"

"ಕನಮಡಿಯಾಗ ಐತ್ರಿ. ಆಯಿತವಾರ ಮುಂಜಾನೆ," ಎಂದರು ಉಸ್ತಾದರು.

"ಆಗ್ಲಿ. ಅಕಿ ಬರ್ತಾಳ."

ಇಲ್ಲಿಗೆ ಬಿಟ್ಟಿದ್ದರೆ ನನ್ನ ಮರ್ಯಾದೆ ಅಷ್ಟೋ ಇಷ್ಟೋ ಉಳಿಯುತ್ತಿತ್ತು. ಆದರೆ ಕನಮಡಿ ನನ್ನ ಕುಬಸದ ಅರಬಿಯ ಊರು. ಅಲ್ಲಿಯೂ ನಾನು ಪಿಸುಗುಟ್ಟಬೇಕೆ? ಕಾಕಾನ ಮುಂದೆ, ಉಸ್ತಾದರ ಮುಂದೆ, ಪಂಚಾಯಿತಿ ಕಟ್ಟೆಯ ಮೇಲೆ ನಿಂತವನ ಹಾಗೆ ಕೈ ಮುಗಿದು ಹೇಳಿದೆ.

"ಕಾಕಾ, ನೀವ ಹೇಳ್ರಿ. ಬಾರಸಾಂವ ನಾನು, ಬೆರಳು ನಂದು. ಎಷ್ಟು ಕೇಳಬೇಕು ಅನ್ನೂದು ಮಾತ್ರ ಇಕಿ ಕಾಲಾಗ. ನನ್ನ ದನಿ ಇನ್ನೊಬ್ರ ಕಾಲಾಗ ಇಡೂದು ಇದ್ಯಾವ ನ್ಯಾಯರಿ?"

ಕಾಕಾ ಬಾಯಿ ತೆರೆಯುವ ಮೊದಲೇ ಮಗಳು ಪೆಡಲನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೇಳಿದಳು:

"ಅಣ್ಣಾ, ಇಷ್ಟ ವರ್ಷ ಹೆಣ್ಣಮಕ್ಕಳ ದನಿ ನಿನ್ನ ಗಂಟಲದಾಗ ಇತ್ತಲ್ಲ, ಆವಾಗ ನಾವ್ಯಾರರ ನ್ಯಾಯ ಕೇಳಾಕ ಬಂದಿದ್ವೇನು?"